ಬೇಕು ಎಂಬ ಮಾತು: ಕೋಲಾರ ಸೀಮೆಯಲ್ಲೊಂದು ಸಂಚಾರ

ಕಳೆದ ಜ್ಯೇಷ್ಠ ಮಾಸದಲ್ಲಿ ನಮ್ಮ ಅಣ್ಣನವರ ಮೊಮ್ಮಗಳು ಮಾಲೂರಿಗೆ ಬಂದಳು. ಉನ್ನತ ವ್ಯಾಸಂಗಕ್ಕಾಗಿ ಫ್ರಾನ್ಸ್ ದೇಶಕ್ಕೆ ಹೊರಡುವವಳು. ಒಂದು ವರ್ಷದಿಂದ ಬೆಂಗಳೂರಿನಲ್ಲಿ ಆ ಭಾಷೆಯನ್ನು ಕಲಿಯುತ್ತಿದ್ದಳು. ಹೊರಡುವ ಮುನ್ನ ನಮ್ಮ ಸೀಮೆಯ ದೇವರುಗಳಿಗೆ ಕೈಮುಗಿದು ಬರಲೆಂದು ಮನೆಯ ಹಿರಿಯರ ಅಪೇಕ್ಷೆ. ಜೊತೆಯಲ್ಲಿ ಹೋಗುವ ಕೆಲಸವು ನಿವೃತ್ತ ಉಪಾಧ್ಯಾಯರಾದ ನಮ್ಮ ಪಾಲಿಗೆ ಬಂದಿತು.

ಮಾಲೂರಿನ ಹೆಂಚಿನ ಕಾರ್ಖಾನೆಗಳು ಹಿಂದೆ ಸರಿಯುತ್ತಿದ್ದಂತೆಯೇ ಹುಡುಗಿಯು ಬಸ್ಸಿನಲ್ಲಿ ಪುಸ್ತಕವನ್ನು ತೆರೆದು “ಜ಼ ವೊ, ಜ಼ ವೊ” ಎಂದು ಗಟ್ಟಿಮಾಡತೊಡಗಿದಳು.

“ಹಾಗೆಂದರೇನಮ್ಮ?” ಎಂದೆವು.

“ನನಗೆ ಬೇಕು ಅಂತ, ತಾತ.”

ಉಚ್ಚಾರಣೆಯ ವಿಷಯ ಬಂದರೆ ಸುಮ್ಮನಿರುವುದು ನಮ್ಮಿಂದಾಗದು. ವಿಚಾರಿಸಿದೆವು. ಅಲ್ಲಿಯ ‘ಜ಼’ ನಮ್ಮ ಜಕಾರವಲ್ಲ. ಶಕಾರಕ್ಕೆ ಘೋಷವನ್ನು ಕೂಡಿಸಿದರೆ ಬರುವ ಧ್ವನಿ. ‘ವೊ’ ಎಂಬಲ್ಲಿ ನಾಲಗೆಯು ಎಕಾರದ ಸ್ಥಾನದಲ್ಲಿರಬೇಕು, ತುಟಿಗಳು ಒಕಾರದಂತೆ ದುಂಡಾಗಬೇಕು. ನಮ್ಮ ಶಿಕ್ಷಾಶಾಸ್ತ್ರವು ಮೂರ್ಧನ್ಯವೆಂದು ಹೇಳುವ ರೇಫವನ್ನು ಅವರು ಗಂಟಲಿನಿಂದ ಹೊರಡಿಸುವರು.

ಆದರೆ ಈ ‘ಜ಼ ವೊ’ ಎಂಬುದನ್ನು ಅಂಗಡಿಯಲ್ಲಿ ಆಡಬಾರದಂತೆ. ಹಟಮಾಡುವ ಮಕ್ಕಳ ಮಾತಿನಂತೆ ಕೇಳಿಸುವುದಂತೆ. ದೊಡ್ಡವರು ‘ಜ಼ ವೂದ್ರೆ’ ಎನ್ನಬೇಕು; ಬೇಕೆಂದು ಬಯಸಿಯೇನು, ಎಂದು ಅದರ ಭಾವ. ಕೊನೆಯಲ್ಲಿ ‘ಸಿಲ್ ವು ಪ್ಲೆ’ ಎಂದು ಸೇರಿಸಬೇಕು. ತಮಗೆ ಒಪ್ಪಿಗೆಯಾದರೆ, ಎಂದರ್ಥ. ‘ಜ಼ೆಮ್‌ರೆ’ ಎಂದರೆ ನನಗೆ ಇಷ್ಟವಾದೀತು. ‘ಜ಼ೆ ಆಂವಿ ದ’ ಎಂದರೆ ನನಗೆ ಇಂಥದರ ಆಸೆಯುಂಟು. ಇಲ್ಲಿ ‘ಆಂ’ ಎಂಬುದು ಶುದ್ಧ ಅನುನಾಸಿಕ. ಅದರ ಹಿಂದೆ ಮಕಾರವಾಗಲಿ ನಕಾರವಾಗಲಿ ಕೇಳಿಸಕೂಡದು. ಇನ್ನೊಬ್ಬರನ್ನು ಕುರಿತ ಬಯಕೆಯಾದರೆ ‘ಜ಼ ವೂದ್ರೆ ಕ ವು ವನ್ಯೆ’, ತಾವು ಬರಬೇಕೆಂದು ನನ್ನ ಬಯಕೆ, ಎನ್ನುವಾಗ ಬರುವ ಕ್ರಿಯಾಪದವೂ ತನ್ನ ರೂಪವನ್ನು ಬದಲಿಸುವುದು. ಪಾಣಿನಿಯು ಲಿಙ್ ಲಕಾರದ ಅರ್ಥಗಳಲ್ಲಿ ಪ್ರಾರ್ಥನೆಯನ್ನೂ ಎಣಿಸಿರುವುದು ನಮಗೆ ನೆನಪಾಯಿತು.

ಕೋಲಾರದಲ್ಲಿ ಇಳಿದು ಕೋಲಾರಮ್ಮನ ಗುಡಿಗೆ ಹೋದೆವು. ನಮ್ಮ ಪಕ್ಕದಲ್ಲಿ ನಿಂತಿದ್ದವರು ಕನ್ನಡ, ತೆಲುಗು, ತಮಿಳುಗಳಲ್ಲಿ ತಾಯಿಯನ್ನು ಬೇಡಿಕೊಳ್ಳುತ್ತಿದ್ದರು. ‘ನನಗೆ ಬೇಕು’, ‘ನಾಕು ಕಾವಾಲಿ’, ‘ಎನಕ್ಕು ವೇಣುಂ’: ಮೂರರಲ್ಲಿಯೂ ಬಯಸುವವನು ಚತುರ್ಥೀ ವಿಭಕ್ತಿಯಲ್ಲಿರುವನು. ಬಯಕೆಯೇ ಅವನಲ್ಲಿಗೆ ಬರುವುದು. ಫ್ರೆಂಚಿನಲ್ಲಿಯಾದರೋ ‘ಜ಼’ ಎಂಬ ಕರ್ತೃವು ಪ್ರಥಮಾ ವಿಭಕ್ತಿಯಲ್ಲಿ ಮುಂದೆ ನಿಂತು ತಾನೇ ಬಯಸುವನು.

ಈ ಊರಿನಲ್ಲಿಯೇ ಹೈದರಾಲಿಯ ತಂದೆ ಫತೇ ಮಹಮ್ಮದನ ಗೋರಿಯುಂಟು. ಹೈದರನ ಮಗ ಟಿಪ್ಪುವು ಇಂಗ್ಲಿಷರ ವಿರುದ್ಧ ಸೈನ್ಯದ ನೆರವು ಬೇಕೆಂದು ಮೂವರು ರಾಯಭಾರಿಗಳನ್ನು ಫ್ರಾನ್ಸಿಗೆ ಕಳುಹಿಸಿದನು. 1788ನೆಯ ಆಗಸ್ಟಿನಲ್ಲಿ ಹದಿನಾರನೆಯ ಲೂಯಿ ದೊರೆಯು ವೆರ್ಸಾಯಿ ಅರಮನೆಯಲ್ಲಿ ಅವರನ್ನು ಬರಮಾಡಿಕೊಂಡನು. ಮರ್ಯಾದೆ ದೊರೆಯಿತು, ಸೈನ್ಯ ದೊರೆಯಲಿಲ್ಲ. ಕೆಲವು ಮಂದಿ ಕುಶಲಕರ್ಮಿಗಳು ಮಾತ್ರ ಬಂದರು. ಇದನ್ನು ಕೇಳಿ ಹುಡುಗಿಯು, “ಅವರೂ ಜ಼ ವೊ ಅಂದಿರಬೇಕು, ತಾತ” ಎಂದು ನಕ್ಕಳು.

ಅಲ್ಲಿಂದ ಮುಳಬಾಗಿಲಿಗೆ ಸುಮಾರು 30 ಕಿಲೋಮೀಟರು. ಮೂಡಲ ಬಾಗಿಲೆಂಬುದೇ ಮುಳಬಾಗಿಲಾಯಿತು. ಆಂಧ್ರವೂ ತಮಿಳುನಾಡೂ ಇಲ್ಲಿಗೆ ಸಮೀಪ. ಆಂಜನೇಯಸ್ವಾಮಿಯ ದರ್ಶನವಾದ ಮೇಲೆ, ಹೆಸರಾದ ಅಲ್ಲಿಯ ದೋಸೆಗಾಗಿ ಹೋಟಲಿಗೆ ಹೋದೆವು. ಪಕ್ಕದ ಮೇಜಿನ ಲಾರಿ ಚಾಲಕನು “ತಣ್ಣಿ ವೇಣುಂ” ಎಂದನು. ಮಾಣಿಯು “ಇದಿಗೋ, ತೆಸ್ತಾನು” ಎಂದು ತೆಲುಗಿನಲ್ಲಿ ಉತ್ತರವಿತ್ತು ನೀರು ತಂದಿಟ್ಟನು. ನಮ್ಮ ಹುಡುಗಿಯು ಅವನನ್ನು ಕರೆದು, “ಅಣ್ಣ, ಇನ್ನೊಂದು ದೋಸೆ ಬೇಕಾಗಿತ್ತು” ಎಂದಳು.

ದೋಸೆ ಬೇಕಾಗಿರುವುದು ಈಗ. ಕ್ರಿಯಾಪದವು ಮಾತ್ರ ಭೂತಕಾಲದ್ದು! ಅರವತ್ತು ವರ್ಷ ಆಡಿದ ಮಾತನ್ನು ಆ ದಿನ ಮೊದಲ ಸಲ ಕೇಳಿದಂತಾಯಿತು. ಕೇಳುವುದನ್ನು ಕಾಲದಲ್ಲಿ ಒಂದು ಹೆಜ್ಜೆ ಹಿಂದಿಟ್ಟು, ಇಲ್ಲವೆನ್ನಲು ಎದುರಿನವನಿಗೆ ಎಡೆಕೊಡುವುದೇ ಅದರ ವಿನಯ. ಫ್ರೆಂಚರಲ್ಲಿಯೂ ‘ಜ಼ ವೂಲೆ’ ಎಂಬ ಭೂತಕಾಲದ ರೂಪವನ್ನು ಹೀಗೆಯೇ ಮರ್ಯಾದೆಗಾಗಿ ಬಳಸುವರೆಂದು ಅವಳು ತಿಳಿಸಿದಳು.

ಶ್ರೀನಿವಾಸಪುರವನ್ನು ಸೇರುವಾಗ ಬಿಸಿಲು ಇಳಿಮುಖವಾಗಿತ್ತು. ಮಾವಿನ ಮಂಡಿಗಳ ಮುಂದೆ ತೋತಾಪುರಿ, ಬಾದಾಮಿ, ರಸಪೂರಿಗಳ ರಾಶಿ. ನದಿಯ ಆಸರೆಯಿಲ್ಲದ ಈ ನಾಡಿನಲ್ಲಿ ಕೆರೆ ಮತ್ತು ಕೊಳವೆಬಾವಿಗಳೇ ಗತಿ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಹರಿದುಬರುತ್ತಿದೆ. ಇಲ್ಲಿ ಬೇಕು ಎಂಬ ಮಾತಿನೊಡನೆ ಮೊದಲು ಬರುವ ಹೆಸರು ನೀರಿನದು.

ಮರದ ನೆರಳಿನಲ್ಲಿ ಕುಳಿತಾಗ ಹುಡುಗಿಯು ಇದ್ದಕ್ಕಿದ್ದಂತೆ ಕೇಳಿದಳು: “ತಾತ, ಅಲ್ಲಿ ನನ್ನ ಮಾತು ತಪ್ಪಾದರೆ ನಗುತ್ತಾರಾ? ಬೇಕಾದ್ದು ಕೊಡದೆ ಇದ್ದುಬಿಡ್ತಾರಾ?”

ನಾವು ಒಡನೆಯೇ ಉತ್ತರಿಸಲಾರದೆ ಹೋದೆವು. ಮೂವತ್ತು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ತೆಲುಗು ಮನೆಮಾತಿನ ಒಬ್ಬ ಬಾಲಕನಿದ್ದನು. ಒಂದು ಮಧ್ಯಾಹ್ನ ಎದ್ದುನಿಂತು “ನೀಳ್ಳು ಕಾವಾಲಿ ಸಾರ್” ಎಂದನು. ‘ನೀರು ಬೇಕು’ ಎಂದು ಶುದ್ಧವಾಗಿ ಹೇಳಿದ ಮೇಲೆಯೇ ಹೋಗಬಹುದೆಂದು ನಾವು ಅವನನ್ನು ನಿಲ್ಲಿಸಿದೆವು. ತರಗತಿಯು ನಕ್ಕಿತು. ಹುಡುಗನು ಬಾಯಿ ಬಿಡಲಿಲ್ಲ. ಗಂಟೆ ಹೊಡೆಯುವವರೆಗೂ ನಿಂತೇ ಇದ್ದನು. ಆ ಬಳಿಕ ಆ ವರ್ಷವೆಲ್ಲ ನಮ್ಮನ್ನು ಏನನ್ನೂ ಕೇಳಲಿಲ್ಲ. ಪಾ ಧಾತುವಿನಿಂದ ಪಿಪಾಸಾ ಎಂಬುದು ಹೇಗಾಯಿತೆಂದು ವಿವರಿಸಬಲ್ಲ ನಮಗೆ ಎದುರಿಗೆ ನಿಂತಿದ್ದ ಬಾಯಾರಿಕೆಯು ತಿಳಿಯಲಿಲ್ಲ.

ಇದನ್ನು ಮುಚ್ಚಿಡದೆ ಹೇಳಿದೆವು. ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅನಂತರ, “ನೀವೂ ಒಂದು ವಾಕ್ಯ ಕಲಿಯಿರಿ, ತಾತ” ಎಂದು ಹೇಳಿಕೊಟ್ಟಳು: ‘ಜ಼ ವೂದ್ರೆ ದ ಲೊ, ಸಿಲ್ ವು ಪ್ಲೆ’. ನನಗೆ ನೀರು ಬೇಕಾಗಿತ್ತು, ತಮಗೆ ಒಪ್ಪಿಗೆಯಾದರೆ.

ನಮ್ಮ ರೇಫವು ಗಂಟಲಿಗೆ ಇಳಿಯಲೊಲ್ಲದು. ಅವಳು ನಾಲ್ಕು ಸಲ ತಿದ್ದಿದಳು, ಒಮ್ಮೆಯೂ ನಗಲಿಲ್ಲ. ನೀರಿನ ಬಾಟಲಿಯನ್ನು ಮಾತ್ರ ನಾವು ಮೊದಲನೆಯ ಸಲ ತಪ್ಪಿದಾಗಲೇ ನಮ್ಮ ಕೈಗೆ ಕೊಟ್ಟಿದ್ದಳು.