ಎಡ, ಬಲ ಮತ್ತು ಪರಿಗ್ರಹದ ಅಳತೆ

ಎಡಪಂಥ, ಬಲಪಂಥ ಎಂಬ ಮಾತುಗಳು ಕನ್ನಡದ ಮಣ್ಣಿನಲ್ಲಿ ಹುಟ್ಟಿದವಲ್ಲ. 1789ರಲ್ಲಿ ಫ್ರಾನ್ಸ್ ದೇಶದ ರಾಷ್ಟ್ರೀಯ ಸಭೆಯಲ್ಲಿ ಅರಸನ ಅಧಿಕಾರವನ್ನು ಉಳಿಸಬೇಕೆಂದವರು ಅಧ್ಯಕ್ಷನ ಬಲಗಡೆಗೂ, ಅದನ್ನು ಮೊಟಕುಗೊಳಿಸಬೇಕೆಂದವರು ಎಡಗಡೆಗೂ ಕುಳಿತರು. ಆ ಆಸನಕ್ರಮವೇ ಕಾಲಾನಂತರದಲ್ಲಿ ಅರ್ಥನೀತಿಯ ಅಳತೆಗೋಲಾಯಿತು. ಉಳ್ಳವರಿಂದ ತೆರಿಗೆ ಪಡೆದು ಇಲ್ಲದವರಿಗೆ ಹಂಚಲಿ, ಭೂಮಿ ಮತ್ತು ಉದ್ದಿಮೆಗಳ ಮೇಲೆ ಸರಕಾರದ ಹಿಡಿತವಿರಲಿ ಎನ್ನುವವನು ಎಡಕ್ಕೆ ಸೇರಿದನು. ಗಳಿಸಿದವನ ಸ್ವತ್ತು ಗಳಿಸಿದವನದೇ, ಪೇಟೆಯ ಧಾರಣೆಯನ್ನು ಪೇಟೆಯೇ ನಿರ್ಣಯಿಸಲಿ ಎನ್ನುವವನು ಬಲಕ್ಕೆ ಸೇರಿದನು. ಸಮಾಜವಿಜ್ಞಾನಿಗಳು ಒಂದರಿಂದ ಹತ್ತರವರೆಗೆ ಅಂಕೆಗಳನ್ನಿಟ್ಟು, ‘ತಾವು ಎಲ್ಲಿ ನಿಲ್ಲುವಿರಿ?’ ಎಂದು ಜನರನ್ನು ಕೇಳುವುದುಂಟು. ಹೆಚ್ಚಿನವರು ಬೆರಳಿಡುವುದು ನಡುವಿನ ಅಂಕೆಯ ಮೇಲೆಯೇ.

ನಡುವೆ ನಿಂತಿದ್ದೇನೆಂಬ ಭಾವನೆ ಹಿತವಾದುದು. ಆದರೆ ಅಲ್ಲಿಗೆ ಮನುಷ್ಯನು ವಿಚಾರ ಮಾಡಿ ಬಂದನೋ, ವಿಚಾರವನ್ನು ತಪ್ಪಿಸಿಕೊಳ್ಳಲು ಬಂದನೋ ಎಂಬುದೇ ಪರೀಕ್ಷಿಸಬೇಕಾದ ಸಂಗತಿ. ಇದಕ್ಕೆ ದೂರದ ಉದಾಹರಣೆಗಳು ಬೇಕಿಲ್ಲ. ಗದಗ-ಬೆಟಗೇರಿಯ ಪೇಟೆ, ಶಿರಹಟ್ಟಿ ಮತ್ತು ಲಕ್ಷ್ಮೇಶ್ವರಗಳ ಹೊಲ, ಮುಂಡರಗಿಯ ಎರೆಭೂಮಿ ಇವೇ ಸಾಕು.

ಈ ಸೀಮೆಯ ಉಳ್ಳಾಗಡ್ಡಿ ಬೆಳೆಗಾರನನ್ನು ನೋಡಬೇಕು. ಧಾರಣೆ ಕುಸಿದ ವರ್ಷ ಸರಕಾರವೇ ಬೆಂಬಲ ಬೆಲೆ ಕೊಟ್ಟು ಖರೀದಿಸಲಿ ಎನ್ನುತ್ತಾನೆ. ಆಗ ಅವನು ಎಡಕ್ಕಿದ್ದಾನೆ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಉಳ್ಳಾಗಡ್ಡಿಯ ರಫ್ತನ್ನು ನಿಷೇಧಿಸಿದಂತೆ ರಫ್ತಿಗೆ ತಡೆ ಬಂದಾಗ, ಬೆಳೆದವನ ಮಾಲಿಗೆ ಸರಕಾರ ಅಡ್ಡ ಬರಬಾರದು ಎನ್ನುತ್ತಾನೆ; ಆಗ ಅವನು ಬಲಕ್ಕಿದ್ದಾನೆ. ವ್ಯಾಪಾರದಲ್ಲಿ ಸರಕಾರದ ಕೈ ಬೇಡವೆನ್ನುವ ದಲಾಲಿ ಅಂಗಡಿಯ ಸಾಹುಕಾರನು, ಹೊರದೇಶದ ಕಡಲೆ ಬಂದು ತನ್ನ ಗೋದಾಮಿನ ಕಡಲೆಯ ಬೆಲೆ ಇಳಿದೊಡನೆ ಆಮದು ಸುಂಕ ಹಾಕಿರೆಂದು ಬೇಡುತ್ತಾನೆ. ಬೆಟಗೇರಿಯ ನೇಕಾರನಿಗೆ ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಕಾಯ್ದಿರಿಸಿದ 1985ರ ಕಾಯಿದೆ ಬೇಕು. ನೂಲಿನ ಬೆಲೆಗೆ ಕಡಿವಾಣವೂ ಬೇಕು. ಆದರೆ ತಾನು ನೇಯ್ದ ಸೀರೆಯ ಬೆಲೆಯನ್ನು ಇತರರು ಕಟ್ಟುವುದು ಬೇಡ. ಇವರಲ್ಲಿ ಯಾರೂ ಕಪಟಿಗಳಲ್ಲ. ಬದುಕು ಒತ್ತಿದ ಕಡೆಗೆ ಮಾತು ವಾಲುತ್ತದೆ, ಅಷ್ಟೇ. ಎರಡೂ ಕಡೆಗೆ ವಾಲಿದ್ದರಿಂದ ತಾನು ನಡುವಿನವನೆಂದು ಪ್ರತಿಯೊಬ್ಬನೂ ಭಾವಿಸುತ್ತಾನೆ.

ಭೂಮಿಯ ವಿಷಯದಲ್ಲಿ ಈ ಚಲನೆ ಇನ್ನೂ ಸ್ಪಷ್ಟವಾಗಿದೆ. 1961ರ ಕರ್ನಾಟಕ ಭೂ ಸುಧಾರಣಾ ಕಾಯಿದೆಗೆ ದೇವರಾಜ ಅರಸು ಅವರ ಸರಕಾರ ತಂದ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿ ಪದ್ಧತಿ ರದ್ದಾಯಿತು, ಉಳುವವನು ಒಡೆಯನಾದನು, ಕುಟುಂಬದ ಹಿಡುವಳಿಗೆ ಹತ್ತು ಯೂನಿಟ್, ಅಂದರೆ ಕಡೆಯ ದರ್ಜೆಯ ಒಣಭೂಮಿಯಲ್ಲಿ 54 ಎಕರೆಯ ಮಿತಿ ನಿಂತಿತು. ನಾಡಿನ ಜೈನ ಮನೆತನಗಳಲ್ಲಿ ಇದರಿಂದ ಕಳೆದುಕೊಂಡವರೂ ಇದ್ದರು, ಪಡೆದುಕೊಂಡವರೂ ಇದ್ದರು. ಕಳೆದುಕೊಂಡವರು ಅದನ್ನು ಅನ್ಯಾಯವೆಂದರು, ಪಡೆದವರು ನ್ಯಾಯವೆಂದರು. 2020ರಲ್ಲಿ ಕೃಷಿಕರಲ್ಲದವರೂ ಭೂಮಿ ಕೊಳ್ಳಲು ಅವಕಾಶವಾಗುವಂತೆ ಅದೇ ಕಾಯಿದೆಯನ್ನು ತಿದ್ದಿದಾಗ, ಗೇಣಿಯಿಂದ ಬಿಡುಗಡೆ ಪಡೆದವನ ಮೊಮ್ಮಗನು ‘ನನ್ನ ಹೊಲ, ನನಗೆ ಬೇಕಾದವರಿಗೆ ಮಾರುತ್ತೇನೆ’ ಎಂದರೆ ಅದರಲ್ಲಿ ಆಶ್ಚರ್ಯವೇನು? ಅಜ್ಜನು ಎಡಗಡೆಯ ಕಾಯಿದೆಯಿಂದ ಪಡೆದುದನ್ನು ಮೊಮ್ಮಗನು ಬಲಗಡೆಯ ಮಾತಿನಿಂದ ಕಾಯುತ್ತಾನೆ. ಸ್ವತ್ತು ಸರಿದಂತೆ ಸಿದ್ಧಾಂತವೂ ಸರಿಯುತ್ತದೆ.

ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಪ್ರಕರಣವಂತೂ ಈ ಅಳತೆಗೋಲನ್ನೇ ಗೊಂದಲಕ್ಕೆ ತಳ್ಳಿತು. 2010ರಲ್ಲಿ ದಕ್ಷಿಣ ಕೊರಿಯಾದ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಗೆ ರಾಜ್ಯ ಸರಕಾರವು ಒಪ್ಪಿಗೆ ಪತ್ರ ಮಾಡಿಕೊಂಡಿತು. ಹಳ್ಳಿಗುಡಿ ಮತ್ತು ನೆರೆಯ ಹಳ್ಳಿಗಳ ಮೂರು ಸಾವಿರಕ್ಕೂ ಮಿಕ್ಕಿದ ಎಕರೆ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲು ಹೊರಟಿತು. ನೌಕರಿ ಬರುತ್ತದೆ, ಬೆಲೆ ಸಿಗುತ್ತದೆ ಎಂಬ ಧ್ವನಿಯೂ, ಫಲವತ್ತಾದ ಭೂಮಿ ಹೋದರೆ ಮತ್ತೆ ಬಾರದು ಎಂಬ ಧ್ವನಿಯೂ ಎದ್ದವು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ರೈತರ ಮುಂದೆ ನಿಂತರು. 2011ರ ಜುಲೈ ತಿಂಗಳಲ್ಲಿ ಸರಕಾರ ಸ್ವಾಧೀನವನ್ನು ಕೈಬಿಟ್ಟಿತು. 2013ರಲ್ಲಿ ಕಂಪನಿಯೂ ಕರ್ನಾಟಕದ ಯೋಜನೆಯಿಂದ ಹಿಂದೆ ಸರಿಯಿತು. ಆ ಹೋರಾಟವನ್ನು ಎಡಗಡೆಯದೆಂದು ಕರೆದವರು ಉಂಟು. ಆದರೆ ರೈತನು ಅಲ್ಲಿ ಕಾಯ್ದುಕೊಂಡದ್ದು ತನ್ನ ಖಾಸಗಿ ಆಸ್ತಿಯನ್ನು. ಅದನ್ನು ಪಡೆಯಲು ಬಂದದ್ದು ಸರಕಾರ. ಪಡೆದು ಕೊಡಲಿದ್ದದ್ದು ಒಂದು ಕಂಪನಿಗೆ. ಪುಸ್ತಕದ ಎಡವೂ ಬಲವೂ ಅಲ್ಲಿ ಅದಲುಬದಲಾದವು.

ಹಾಗಾದರೆ ಈ ಹೆಸರುಗಳೇ ನಿರರ್ಥಕವೆಂದು ತಳ್ಳಬಹುದೇ? ಅದೂ ಸರಿಯಲ್ಲ. ಯಾರ ಬಳಿ ಎಷ್ಟಿರಬೇಕು, ಯಾರು ಯಾರಿಗೆ ಋಣಿ ಎಂಬ ಪ್ರಶ್ನೆ ನಿಜವಾದುದು. ಹೆಸರು ಬಿಟ್ಟರೂ ಪ್ರಶ್ನೆ ಉಳಿಯುತ್ತದೆ. ಗದಗ ತಾಲೂಕಿನ ಕಣಗಿನಹಾಳವು ಅದಕ್ಕೆ ಒಂದು ಉತ್ತರವನ್ನು ಮಾಡಿ ತೋರಿಸಿತು. 1904ರ ಕಾಯಿದೆಯ ಬೆನ್ನಿಗೆ, 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವು ಅಲ್ಲಿ ಹುಟ್ಟಿತು. ಬಡ್ಡಿಯ ಹೊರೆಯಿಂದ ರೈತನನ್ನು ಬಿಡಿಸಲು ಅದು ಸಾಹುಕಾರನ ತಿಜೋರಿಯನ್ನು ಒಡೆಯಲಿಲ್ಲ; ಸರಕಾರದ ಖಜಾನೆಯನ್ನೇ ನೆಚ್ಚಿ ಕೂಡಲೂ ಇಲ್ಲ. ಸದಸ್ಯರು ತಮ್ಮ ಹಣವನ್ನು ತಾವೇ ಕೂಡಿಸಿ, ಒಬ್ಬರಿಗೊಬ್ಬರು ಹೊಣೆಯಾದರು. ಇದು ಎಡ-ಬಲಗಳ ನಡುವಿನ ಸೋಮಾರಿತನದ ಜಾಗವಲ್ಲ. ದುಡಿದು ಕಟ್ಟಿದ ಜಾಗ.

ಇಲ್ಲಿ ಶ್ರಾವಕಧರ್ಮವು ಹೇಳುವ ಮಾತೊಂದಿದೆ. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಣ ಮೂರ್ಛೆ ಎಂದು ಆಚಾರ್ಯ ಉಮಾಸ್ವಾಮಿಗಳು ಲಕ್ಷಣ ಹೇಳಿದರು. ಗೃಹಸ್ಥನಿಗೆ ವಿಧಿಸಿದ ಪರಿಗ್ರಹ ಪರಿಮಾಣ ವ್ರತದಲ್ಲಿ ಹೊಲ, ಮನೆ, ಬೆಳ್ಳಿ, ಬಂಗಾರ, ದನ, ಧಾನ್ಯ ಇವೆಲ್ಲಕ್ಕೂ ಅವನೇ ಮಿತಿ ಹಾಕಿಕೊಳ್ಳಬೇಕು. ಭೂಮಿತಿ ಕಾಯಿದೆ ಹೊರಗಿನಿಂದ ಹಾಕುವ ಬೇಲಿ, ವ್ರತವು ಒಳಗಿನಿಂದ ಹಾಕಿಕೊಳ್ಳುವ ಬೇಲಿ. ಎರಡನ್ನೂ ಹಾರುವ ಉಪಾಯವನ್ನು ಮನುಷ್ಯನು ಬಲ್ಲನು. ಕಾಯಿದೆಯ ಕಾಲದಲ್ಲಿ ಹೊಲಗಳು ಬಂಧುಗಳ ಹೆಸರಿಗೆ ಕಾಗದದ ಮೇಲೆ ಒಡೆದವು. ವ್ರತವಿದ್ದವನು ಎರಡು ಹೊಲಗಳ ನಡುವಣ ಬದುವನ್ನು ಕೆಡವಿ ‘ಒಂದೇ ಹೊಲ’ವೆಂದು ಎಣಿಸಿಕೊಂಡರೆ ಅದೂ ಅತಿಚಾರವೇ ಎಂದು ಶ್ರಾವಕಾಚಾರದ ವ್ಯಾಖ್ಯಾನಕಾರರು ಎಂದೋ ಎಚ್ಚರಿಸಿದ್ದಾರೆ. ಹೊರಗಣ ಬೇಲಿಯೊಂದೇ ಇದ್ದರೆ ಲೋಭವು ದಾರಿ ಹುಡುಕುತ್ತದೆ. ಒಳಗಣ ಬೇಲಿಯೊಂದನ್ನೇ ನೆಚ್ಚಿದರೆ ವ್ರತವಿಲ್ಲದವನ ನೆರೆಯಲ್ಲಿರುವ ಬಡವನು ಕಾಯುತ್ತಲೇ ಉಳಿಯುತ್ತಾನೆ. ಒಂದು ಇನ್ನೊಂದಕ್ಕೆ ಬದಲಿಯಲ್ಲ.

ದಾನದ ವಿಷಯದಲ್ಲಿಯೂ ಹೀಗೆಯೇ. ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಖಾಸಗಿ ಔದಾರ್ಯಕ್ಕೆ ನಿದರ್ಶನವಾಗಿ ಹೇಳುವುದುಂಟು. ಆ ಮಹಾತಾಯಿಯ ಪತಿ ನಾಗದೇವನು ಚಾಲುಕ್ಯರ ದಂಡನಾಯಕ. ಆ ಸಂಪತ್ತಿನ ಹಿಂದೆ ರಾಜ್ಯವೂ, ರಾಜ್ಯದ ಹಿಂದೆ ಉಳುವವರ ಬೆವರೂ ಇದ್ದವು. ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ಶಂಖಜಿನಾಲಯಕ್ಕೂ ಅರಸರ ದತ್ತಿಗಳು ಸಂದಿವೆ. ಇದರಿಂದ ದಾನದ ಹಿರಿಮೆ ಕುಗ್ಗುವುದಿಲ್ಲ. ‘ನಾನೊಬ್ಬನೇ ಗಳಿಸಿದೆ’ ಎಂಬ ಮಾತು ಮಾತ್ರ ಕುಗ್ಗುತ್ತದೆ. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದಾಗ, ಪರ್ವದ ದಿನ ಶ್ರದ್ಧೆಯಿಂದ ಆಹಾರದಾನ ಮಾಡುವವರಲ್ಲಿಯೂ ಕೆಲವರು ‘ಅಗ್ಗದ ಅಕ್ಕಿ ಕೂಲಿಯವರನ್ನು ಸೋಮಾರಿಗಳನ್ನಾಗಿಸುತ್ತದೆ’ ಎಂದರು. ಅಕ್ಕಿ ಎರಡೂ ಕಡೆ ಅಕ್ಕಿಯೇ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ; ಹಕ್ಕಿನಲ್ಲಿ ಪಡೆಯುವವನ ತಲೆ ಮೇಲಿರುತ್ತದೆ. ಮುನಿಸು ಬಂದದ್ದು ಸೋಮಾರಿತನದ ಮೇಲೋ, ಎತ್ತಿದ ಆ ತಲೆಯ ಮೇಲೋ ಎಂದು ಕೊಡುವವನು ತನ್ನನ್ನೇ ಕೇಳಿಕೊಳ್ಳಬೇಕು. ಅದರಂತೆಯೇ, ಎಲ್ಲವನ್ನೂ ಸರಕಾರವೇ ಕೊಡಲಿ ಎನ್ನುವವನು, ತನ್ನ ಮನೆಯ ಕೆಲಸದವಳಿಗೆ ತಾನು ಕೊಡುವ ಸಂಬಳವೆಷ್ಟೆಂದು ಕೇಳಿಕೊಳ್ಳಬೇಕು.

ಅನೇಕಾಂತವೆಂದರೆ ಎಲ್ಲರೂ ಸರಿ ಎಂದು ತಲೆಯಾಡಿಸುವುದಲ್ಲ. ಯಾವ ದೃಷ್ಟಿಯಿಂದ, ಯಾವ ಮಟ್ಟಿಗೆ ಒಂದು ಮಾತು ಸತ್ಯವೆಂದು ಗೆರೆ ಎಳೆದು ಹೇಳುವ ಶ್ರಮ ಅದು. ತನ್ನ ನಿಲುವನ್ನೇ ಬಿಡಲಾರದಷ್ಟು ಹಿಡಿದವನಿಗೆ ಅದೂ ಒಂದು ಪರಿಗ್ರಹವೇ.

ಈ ವಿಚಾರ ಬಸದಿಯ ಬಾಗಿಲಲ್ಲಿ ನಿಲ್ಲಬಾರದು. ಪೇಟೆಬೀದಿಯಲ್ಲಿ ಮಳಿಗೆಗಳುಳ್ಳ ಒಂದು ಟ್ರಸ್ಟು ಇದೆಯೆನ್ನೋಣ. ಬಾಡಿಗೆ ಏರಿಸಿದರೆ ಜೀರ್ಣೋದ್ಧಾರ ಬೇಗ ಮುಗಿಯುತ್ತದೆ. ಏರಿಸಿದರೆ ಮೂವತ್ತು ವರ್ಷದಿಂದ ಅಲ್ಲಿಯೇ ಬಟ್ಟೆ ಹೊಲಿಯುತ್ತಿರುವ ದರ್ಜಿ ಮಳಿಗೆ ಬಿಡಬೇಕಾಗುತ್ತದೆ. ಉಪಾಧ್ಯೆಯವರ ಸಂಬಳ, ಅಂಗಳ ಗುಡಿಸುವವಳ ಕೂಲಿ, ಬ್ಯಾಂಕಿನಲ್ಲಿ ಬೆಳೆಯುವ ಠೇವಣಿ ಇವೆಲ್ಲವೂ ಒಂದೇ ಲೆಕ್ಕದ ಪುಸ್ತಕದಲ್ಲಿವೆ. ವಾರ್ಷಿಕ ಸಭೆಯಲ್ಲಿ ಈ ಸಾಲುಗಳನ್ನು ಓದಿ ಕೈಯೆತ್ತುವಾಗ ಪ್ರತಿ ಸದಸ್ಯನೂ ಎಡದಿಂದ ಬಲದವರೆಗಿನ ಆ ಗೆರೆಯ ಮೇಲೆ ತನ್ನ ಜಾಗವನ್ನು ತಾನೇ ಗುರುತಿಸುತ್ತಾನೆ. ಬಾಯಿಂದ ಹೇಳಿದ ಜಾಗಕ್ಕಿಂತ ಕೈಯೆತ್ತಿ ಗುರುತಿಸಿದ ಜಾಗ ನಿಜವಾದುದು. ದರ್ಜಿಯ ಮಾತನ್ನೂ ಕೇಳಿ, ಜೀರ್ಣೋದ್ಧಾರದ ಖರ್ಚನ್ನೂ ಲೆಕ್ಕ ಹಾಕಿ, ಅನಂತರ ಕೈಯೆತ್ತುವುದು ಶ್ರಾವಕನಿಗೆ ತಕ್ಕುದು.