ಅಂಕಿಯೂ ಅರ್ಥವೂ

ಮೊಳಕಾಲ್ಮೂರು ತಾಲ್ಲೂಕಿನ ನಮ್ಮ ಹುಟ್ಟೂರಿನಿಂದ ತಮ್ಮನ ಮಗನು ಜ್ವರಪೀಡಿತನಾಗಿ ಚಳ್ಳಕೆರೆಯ ನಮ್ಮ ಮನೆಗೆ ಬಂದದ್ದು ಎರಡು ವರ್ಷಗಳ ಹಿಂದಿನ ಮಾತು. ಇಪ್ಪತ್ತಾರರ ಹರೆಯ, ಶೇಂಗಾ ಬೇಸಾಯದೊಡನೆ ಮೂವತ್ತು ಆಡುಗಳನ್ನು ಸಾಕಿಕೊಂಡಿದ್ದವನು. ಸಂಜೆಯಾದರೆ ಜ್ವರವೇರುವುದು, ನಡುರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರುವುದು, ಬೆಳಗಾದರೆ ಏನೂ ಆಗದವನಂತೆ ಎದ್ದು ಕೂಡುವುದು. ಸೊಂಟದ ನೋವು ಮಾತ್ರ ಬಿಡುತ್ತಿರಲಿಲ್ಲ.

ಊರಿನ ವೈದ್ಯರೊಬ್ಬರು ವಿಡಾಲ್ ಪರೀಕ್ಷೆ ಮಾಡಿಸಿದರು. ಚೀಟಿಯಲ್ಲಿ 1:160 ಎಂದಿತ್ತು. ಟೈಫಾಯ್ಡ್ ಎಂದು ನಿರ್ಣಯಿಸಿ ಹತ್ತು ದಿನ ಮಾತ್ರೆ ಕೊಟ್ಟರು. ಜ್ವರ ಇಳಿಯಿತು, ಹದಿನೈದು ದಿನಗಳಲ್ಲಿ ಮರಳಿತು. ಮತ್ತೆ ಅದೇ ಪರೀಕ್ಷೆ, ಅದೇ 1:160, ಅದೇ ನಿರ್ಣಯ. ಈ ಸಲ ಚುಚ್ಚುಮದ್ದು. ಮೂರನೆಯ ಸಲವೂ ಹಾಗೆಯೇ ಆದಾಗ ತಮ್ಮನು ನಾಲ್ಕು ಆಡುಗಳನ್ನು ಮಾರಿದ್ದನು. ನಿಶ್ಚಯವಾಗಿದ್ದ ಮದುವೆಯ ಹೆಣ್ಣಿನ ಕಡೆಯವರು, ಹುಡುಗನಿಗೆ ಒಳರೋಗವೇನಾದರೂ ಇದೆಯೇ ಎಂದು ಮೂರನೆಯವರ ಮುಖಾಂತರ ಕೇಳಿಸಿದರು. ಹುಡುಗನು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟನು.

ನಾವು ವೈದ್ಯರಲ್ಲ. ಮಠದ ನೆರಳಿನಲ್ಲಿ ಬೆಳೆದು ಓಲೆಗರಿ, ಶಾಸನಗಳನ್ನು ಓದಲು ಕಲಿತವರು. ಆ ಚೀಟಿಯನ್ನು ಕೈಯಲ್ಲಿ ಹಿಡಿದಾಗ ನಮಗೆ ನೆನಪಾದದ್ದು ಬ್ರಹ್ಮಗಿರಿಯ ಬಂಡೆ. ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಒಂದೆಡೆ ಸವೆದ ಅಕ್ಷರವನ್ನು ಇನ್ನೊಂದೆಡೆಯ ಪಾಠದಿಂದ ತುಂಬಿಕೊಂಡು ಓದಬೇಕು. ಆ ಶಾಸನದಲ್ಲಿ 256 ಎಂಬ ಅಂಕಿಯಿದೆ. ಬುದ್ಧನ ನಿರ್ವಾಣದಿಂದ ಸಂದ ವರ್ಷಗಳು ಎಂದು ಹಿಂದಿನ ವಿದ್ವಾಂಸರು ಕೆಲವರು ಅರ್ಥ ಮಾಡಿದರು. ಅರಸನು ಪ್ರವಾಸದಲ್ಲಿ ಕಳೆದ ರಾತ್ರಿಗಳೆಂದು ಬಳಿಕ ಬಹುಮಂದಿ ಒಪ್ಪಿದರು. ಕಲ್ಲಿನ ಮೇಲಣ ಅಂಕಿ ಬದಲಾಗಲಿಲ್ಲ, ಅರ್ಥ ಬದಲಾಯಿತು.

ವಿಡಾಲ್ ಪರೀಕ್ಷೆಯನ್ನು ಫ್ರಾನ್ಸಿನ ಫರ್ನಾಂದ್ ವಿಡಾಲ್ 1896ರಲ್ಲಿ ಪ್ರಚುರಪಡಿಸಿದರು. ಅದು ರಕ್ತದಲ್ಲಿ ರೋಗಾಣುವನ್ನು ಹುಡುಕುವುದಿಲ್ಲ. ರೋಗಾಣುವನ್ನು ಎದುರಿಸಿ ದೇಹವು ಸಿದ್ಧಪಡಿಸಿಕೊಂಡ ಪ್ರತಿಕಾಯಗಳ ಪ್ರಮಾಣವನ್ನು ಅಳೆಯುತ್ತದೆ. ಟೈಫಾಯ್ಡ್ ಸಾಮಾನ್ಯವಾಗಿರುವ ನಮ್ಮಂಥ ನಾಡಿನಲ್ಲಿ ಎಂದೋ ಬಂದುಹೋದ ಸೋಂಕಿನ ಗುರುತೂ ಅದರಲ್ಲಿ ಕಾಣಿಸಬಹುದು. ಆದಕಾರಣ ವಾರ, ಹತ್ತು ದಿನ ಬಿಟ್ಟು ಎರಡನೆಯ ಸಲ ನೋಡಿದಾಗ ಪ್ರಮಾಣ ನಾಲ್ಕು ಪಟ್ಟು ಏರಿದ್ದರೆ ಮಾತ್ರ ಅದು ಬಲವಾದ ಸಾಕ್ಷ್ಯ. ಔಷಧಿ ಆರಂಭಿಸುವ ಮುನ್ನ ರಕ್ತದಿಂದ ರೋಗಾಣುವನ್ನೇ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಇದಕ್ಕಿಂತ ನಂಬಲರ್ಹವಾದುದು.

ಇಷ್ಟನ್ನು ಬಲ್ಲವರಿಂದ ಕೇಳಿ ತಿಳಿದು, ವೈದ್ಯರ ಮುಂದೆ ವಿನಯದಿಂದಲೇ ಕೇಳಿದೆವು: “ಮೂರು ಸಲವೂ ಅಂಕಿ ಕದಲಲಿಲ್ಲವಲ್ಲ, ಬೇರೆ ಜ್ವರವಿರಬಹುದೇ?”

ಅವರ ಮುಖ ಬಿಗಿಯಿತು. “ಗುರುಗಳೇ, ಶಾಸನದ ಅರ್ಥ ಹೇಳಲು ನಾನು ಬರುವುದಿಲ್ಲ. ರಿಪೋರ್ಟಿನ ಅರ್ಥವನ್ನು ನನಗೆ ಬಿಡಿ” ಎಂದರು. ಮಾತು ನಾಟಿತು. ಆದರೂ ಹುಡುಗನನ್ನು ಚೀಟಿಗಳ ಸಮೇತ ಚಿತ್ರದುರ್ಗದ ಹಿರಿಯ ವೈದ್ಯರೊಬ್ಬರಲ್ಲಿಗೆ ಕರೆದೊಯ್ದೆವು.

ಅವರು ಚೀಟಿಗಳನ್ನು ಪಕ್ಕಕ್ಕಿಟ್ಟು ಹುಡುಗನನ್ನು ಕೇಳಿದರು: “ಏನು ಕೆಲಸ ಮಾಡ್ತೀಯಪ್ಪ? ಈಚೆಗೆ ಆಡುಗಳೇನಾದರೂ ಕಂದು ಹಾಕಿದ್ದವೇ?” ಎರಡು ಹಾಕಿದ್ದವು, ಮಾಸನ್ನು ತಾನೇ ಬರಿಗೈಯಲ್ಲಿ ತೆಗೆದೆ ಎಂದನು. “ಹಸಿ ಹಾಲು ಕುಡಿಯುತ್ತೀಯಾ?” ಹುಡುಗನು ತಲೆ ತಗ್ಗಿಸಿ, “ದಿನಾಲೂ ಕುಡೀತೀನಿ ಸಾರ್. ದೊಡ್ಡಪ್ಪನೇ ಹೇಳಿದ್ದರು” ಎಂದನು.

ಬಂಧುಗಳೇ, ಆ ಕ್ಷಣ ನಮಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆಗ ತಾನೇ ಕರೆದ ಧಾರೋಷ್ಣ ಹಾಲು ಅಮೃತಸಮಾನವೆಂದು ವೈದ್ಯಗ್ರಂಥದಲ್ಲಿ ಓದಿ, ಮೈಗೆ ಬಲ ಬರಲೆಂದು ಹೇಳಿದವರು ನಾವೇ. ಒಂದೇ ಪಾಠವನ್ನು ನಂಬಬಾರದೆಂದು ವೈದ್ಯರಿಗೆ ಉಪದೇಶಿಸಹೊರಟ ನಾವು, ಒಂದೇ ಸಾಲನ್ನು ನಂಬಿ ಮನೆಯ ಮಗುವಿಗೆ ರೋಗವನ್ನುಣಿಸಿದ್ದೆವು.

ಅದು ಬ್ರುಸೆಲ್ಲೋಸಿಸ್, ಪಶುಗಳಲ್ಲಿ ಕಂದು ಹಾಕಿಸುವ ರೋಗವೇ ಮನುಷ್ಯನಿಗೆ ತಗುಲಿದ್ದು. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಇದರ ರೋಗಾಣುವನ್ನು ಕಂಡರು. ಅದರ ಮೂಲ ಆಡುಗಳಲ್ಲಿದೆಯೆಂದು 1905ರಲ್ಲಿ ಥೆಮಿಸ್ಟೊಕ್ಲಿಸ್ ಝಾಮಿಟ್ ತೋರಿಸಿದರು. ಚಿತ್ರದುರ್ಗದ ವೈದ್ಯರು ಪ್ರತ್ಯೇಕ ಪರೀಕ್ಷೆಯನ್ನೂ ಕಲ್ಚರನ್ನೂ ಮಾಡಿಸಿ, ಎರಡೂ ಹೊಂದಿದ ಬಳಿಕವೇ ಎರಡು ಔಷಧಿಗಳನ್ನು ಆರು ವಾರ ತಪ್ಪದೆ ಕೊಟ್ಟರು. ಜ್ವರ ಮರಳಲಿಲ್ಲ. ಮದುವೆಯೂ ನೆರವೇರಿತು.

ಇದು ನಮ್ಮ ಸೀಮೆಯೊಂದರ ಕಥೆಯಲ್ಲ. ಅಮೆರಿಕೆಯಲ್ಲಿ ಉಣ್ಣೆ ಕಡಿತದಿಂದ ಬರುವ ಲೈಮ್ ರೋಗದಲ್ಲಿಯೂ ಇದೇ ತೊಡಕು. ಕಚ್ಚಿದ ಮೊದಲ ವಾರಗಳಲ್ಲಿ ರೋಗವಿದ್ದರೂ ರಕ್ತಪರೀಕ್ಷೆ ಇಲ್ಲವೆನ್ನಬಹುದು. ಗುಣವಾಗಿ ವರ್ಷಗಳಾದರೂ ಇದೆಯೆನ್ನಬಹುದು. ರೋಗಿಯ ಕಥೆಯೊಡನೆ ಕೂಡಿಸಿ ಓದಿದರಷ್ಟೇ ಅಂಕಿಗೆ ಅರ್ಥ.

ಮೊದಲಿನ ವೈದ್ಯರಲ್ಲಿಗೆ ನಾವು ಮತ್ತೆ ಹೋದೆವು. ಗೆದ್ದೆವೆಂದು ಹೇಳಲಲ್ಲ, ಹಸಿ ಹಾಲಿನ ಮಾತನ್ನು ಅವರಿಗೆ ಹೇಳದೆಹೋದ ತಪ್ಪನ್ನು ಒಪ್ಪಿಕೊಳ್ಳಲು. ಅವರು ವರದಿಯನ್ನು ಎರಡು ಸಲ ಓದಿದರು. “ನಾನೂ ಕೇಳಲಿಲ್ಲ, ಗುರುಗಳೇ” ಎಂದರು. ಅಷ್ಟು ಸಾಕಾಯಿತು.

ಆದ್ದರಿಂದ ತಾಯಂದಿರಲ್ಲಿ ನಮ್ಮ ಬಿನ್ನಹ: ಹಾಲನ್ನು ಉಕ್ಕಿಸಿಯೇ ಕೊಡಿ. ವೈದ್ಯರ ಮುಂದೆ ಕುಳಿತಾಗ ನೋವನ್ನು ಮಾತ್ರವಲ್ಲ, ಕಸುಬು, ಕೊಟ್ಟಿಗೆ, ಊಟ ಎಲ್ಲವನ್ನೂ ಹೇಳಿ. ಹಳೆಯ ಚೀಟಿಗಳನ್ನು ಜೋಪಾನವಾಗಿಡಿ. ಸಂದೇಹವಿದ್ದರೆ ಕೇಳಿ, ಆದರೆ ಕೊಟ್ಟ ಔಷಧಿಯನ್ನು ನಿಮ್ಮ ಮನಬಂದಂತೆ ನಿಲ್ಲಿಸಬೇಡಿ. ಪ್ರಶ್ನೆಯು ಅವಮಾನವಲ್ಲ. ಅದನ್ನು ಮೊದಲು ನಮಗೆ ನಾವೇ ಕೇಳಿಕೊಂಡಿರಬೇಕು, ಅಷ್ಟೇ.