ಎದೆಯ ಬೊಕ್ಕಸ, ಬಾಯಿಯ ಕೌಂಟರ್

ಸತ್ಯವೇದ ಓದುವಾಗ ಬ್ಯಾಂಕಿನವನ ಕಣ್ಣಿಗೆ ಬೇರೆ ಥರದ ಪದಗಳು ಬೀಳುತ್ತವೆ. ಲೂಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಮನುಷ್ಯನ ಹೃದಯವನ್ನು ಬೊಕ್ಕಸಕ್ಕೆ ಹೋಲಿಸುತ್ತಾರೆ. ಮಾತೆಲ್ಲ ಬರೋದು ಅಲ್ಲಿನ ದಾಸ್ತಾನಿನಿಂದ ಅನ್ನೋದು ಅವರ ಲೆಕ್ಕ. ಕ್ಯಾಷ್‌ನಲ್ಲಿ ನಾಲ್ಕು ದಿನ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಟ್ರಾಂಗ್ ರೂಮಿನಲ್ಲಿ ಇಲ್ಲದ ನೋಟನ್ನು ಕೌಂಟರಿನಲ್ಲಿ ಎಣಿಸಿ ಕೊಡೋಕೆ ಆಗೋದಿಲ್ಲ, ಕ್ಯಾಷಿಯರ್ ಎಷ್ಟೇ ನಗುಮೊಗದವನಾಗಿದ್ದರೂ ಸರಿ.

ನಾವು ಧಾರವಾಡದ ಬಾಸೆಲ್ ಮಿಶನ್ ಕಡೆಯವರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಜರ್ಮನ್ ಪಾದ್ರಿಗಳಲ್ಲಿ ಬಹಳಷ್ಟು ಜನ ವುರ್ಟೆಂಬರ್ಗ್ ಸೀಮೆಯ ಪೈಯಟಿಸ್ಟ್ ಪರಂಪರೆಯವರು. ಹೊರಗಿನ ಆಚಾರಕ್ಕಿಂತ ಒಳಗಿನ ಮಾರ್ಪಾಟು ಮುಖ್ಯ ಅಂತ ಹೊರಟವರು. ತಮಾಷೆ ಅಂದ್ರೆ ನಮ್ಮ ಮನೆಗಳಿಗೆ ಬರುವ ಹೊತ್ತಿಗೆ ಅದೂ ಒಂದು ಆಚಾರವೇ ಆಗಿಹೋಗಿತ್ತು... ಭಾನುವಾರ ಸಿನಿಮಾ ಇಲ್ಲ, ಇಸ್ಪೀಟ್ ಇಲ್ಲ, ಊಟಕ್ಕೆ ಮುಂಚೆ ಪ್ರಾರ್ಥನೆ ತಪ್ಪುವ ಹಾಗಿಲ್ಲ. ಮುಂಬಯಿಗೆ ಬಂದು ಮೂವತ್ತು ವರ್ಷವಾದರೂ ನಮ್ಮ ಕನ್ನಡ ಸಭೆಯಲ್ಲಿ ಈ ಪಟ್ಟಿ ಹೆಚ್ಚು ಬದಲಾಗಿಲ್ಲ.

ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಇದೇ ಜಗಳ. ಶಿಷ್ಯರು ಕೈ ತೊಳೆಯದೆ ಊಟಕ್ಕೆ ಕೂತರು ಅಂತ ಫರಿಸಾಯರ ಆಕ್ಷೇಪಣೆ. (ಕೊರೋನಾ ಕಾಲದಲ್ಲಿ ಸೋಪು ಹಾಕಿ ಇಪ್ಪತ್ತು ಸೆಕೆಂಡ್ ಎಣಿಸಿದ ನಮಗೆ ಫರಿಸಾಯರೇ ಸರಿ ಅನ್ನಿಸಬಹುದು! ಆದರೆ ಅಲ್ಲಿನ ಮಾತು ಮಡಿಯದ್ದು, ಕೊಳೆಯದ್ದಲ್ಲ.) ಯೇಸುಸ್ವಾಮಿ ಅದಕ್ಕೆ ಕೊಡುವ ಉದಾಹರಣೆ 'ಕೊರ್ಬಾನ್'. ಅಂದರೆ ಇದು ದೇವರಿಗೆ ಮೀಸಲು ಅಂತ ಘೋಷಿಸಿದ ವಸ್ತು. ಮಗ ತನ್ನ ಹಣವನ್ನು ಕೊರ್ಬಾನ್ ಅಂದುಬಿಟ್ಟರೆ ಮುಗೀತು, ವಯಸ್ಸಾದ ಅಪ್ಪ ಅಮ್ಮನಿಗೆ ಅದರಲ್ಲಿ ಕೊಡಬೇಕಾಗಿಲ್ಲ. ನಮ್ಮ ಭಾಷೆಯಲ್ಲಿ ಲೀನ್ ಮಾರ್ಕ್ ಮಾಡಿದ ಹಾಗೆ. ಹಣ ಖಾತೆಯಲ್ಲೇ ಇರುತ್ತೆ, ಕೇಳಿದವರಿಗೆ ಸಿಗೋದಿಲ್ಲ. ಪ್ರತಿ ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟ್ ಕೊಡಲು ಅಪ್ಪಂದಿರನ್ನು ಕರೆತರುವ ಮಕ್ಕಳನ್ನು ನೋಡಿದಾಗೆಲ್ಲ ನನಗೆ ಈ ಅಧ್ಯಾಯ ನೆನಪಾಗುತ್ತೆ. ಎಲ್ಲರೂ ಹಾಗಲ್ಲ ಬಿಡಿ. ಆದರೆ ಅಪ್ಪ ಸಹಿ ಹಾಕುವಾಗ ಕೈ ನಡುಗಿದರೆ ಪಕ್ಕದಲ್ಲಿ ನಿಂತವನ ಬಾಯಿಂದ ಮೊದಲು ಬರುವ ಮಾತು ಇದೆಯಲ್ಲ, ಅದನ್ನು ಮಾತ್ರ ಯಾರೂ ರಿಹರ್ಸಲ್ ಮಾಡಿಕೊಂಡು ಬಂದಿರೋದಿಲ್ಲ.

ಬ್ಯಾಂಕಿನಲ್ಲಿ ಇದಕ್ಕೆ ಸರ್ಪ್ರೈಸ್ ವೆರಿಫಿಕೇಶನ್ ಅಂತಾರೆ. ಇನ್ಸ್‌ಪೆಕ್ಷನ್ ಬರುತ್ತೆ ಅಂತ ಗೊತ್ತಾದರೆ ಎಲ್ಲ ರಿಜಿಸ್ಟರೂ ಸರಿಯಾಗಿರುತ್ತವೆ. ಹೇಳದೆ ಕೇಳದೆ ಬಂದು ಕ್ಯಾಷ್ ಎಣಿಸಿದಾಗ ಸಿಗೋದೇ ನಿಜವಾದ ಬ್ಯಾಲೆನ್ಸ್.

ಅಂಥ ಘೋರ ತಪಾಸಣೆ ಅಂದರೆ ನನಗೆ ನೆನಪಿಗೆ ಬರೋದು ಗ್ಲಾಡಿಸ್ ಸ್ಟೇನ್ಸ್. 1999ರ ಜನವರಿ 22ರ ರಾತ್ರಿ ಒರಿಸ್ಸಾದ ಮನೋಹರಪುರದಲ್ಲಿ ವಾಹನದೊಳಗೆ ಮಲಗಿದ್ದ ಅವರ ಗಂಡ ಗ್ರಹಾಂ ಮತ್ತು ಇಬ್ಬರು ಗಂಡುಮಕ್ಕಳನ್ನು, 10 ವರ್ಷದ ಫಿಲಿಪ್, 6 ವರ್ಷದ ತಿಮೊಥಿ, ಗುಂಪೊಂದು ಸುಟ್ಟುಹಾಕಿತು. ಆ ಹೆಂಗಸು ಕೊಂದವರನ್ನು ಕ್ಷಮಿಸಿದ್ದೇನೆ ಅಂದರು. ಕಾನೂನು ತನ್ನ ಕೆಲಸ ಮಾಡೋದು ಬೇರೆ, ತಾನು ಕ್ಷಮಿಸೋದು ಬೇರೆ ಅಂತಲೂ ಬಿಡಿಸಿ ಹೇಳಿದರು. ಮಾತು ಅಷ್ಟಕ್ಕೇ ನಿಂತಿದ್ದರೆ ಪತ್ರಿಕೆಗೊಂದು ಹೇಳಿಕೆ ಅಂತ ನಾವು ಮರೆಯಬಹುದಿತ್ತು. ಆದರೆ ಆಕೆ ಮಗಳನ್ನು ಕಟ್ಟಿಕೊಂಡು ಬಾರಿಪದದಲ್ಲೇ ಉಳಿದು, 2004ರವರೆಗೆ ಅದೇ ಕುಷ್ಠರೋಗಿಗಳ ಆಶ್ರಮದ ಕೆಲಸ ಮುಂದುವರಿಸಿದರು. 2005ರಲ್ಲಿ ಸರ್ಕಾರ ಪದ್ಮಶ್ರೀ ಕೊಟ್ಟಿತು. ಆ ಮಾತು ಅವತ್ತೇ ಹುಟ್ಟಿದ್ದಲ್ಲ ಅಂತ ನನ್ನ ನಂಬಿಕೆ. ಎಷ್ಟೋ ವರ್ಷ, ಯಾರೂ ಮುಟ್ಟದವರ ಹುಣ್ಣು ತೊಳೆಯುತ್ತಾ ಚಿಲ್ಲರೆ ಚಿಲ್ಲರೆಯಾಗಿ ಜಮಾ ಆದದ್ದು ಅದು.

ಹಾಗಂತ ಈ ಲೆಕ್ಕವನ್ನು ಎಲ್ಲರ ಮೇಲೂ ಹಾಕಬಾರದು. ನಮ್ಮ ಸಭೆಯಲ್ಲಿ ಒಬ್ಬ ಹಿರಿಯರಿದ್ದರು, ಒಂದು ದಿನವೂ ದನಿ ಏರಿಸದವರು. ಕೊನೆಯ ಎರಡು ವರ್ಷ ಮೆದುಳಿನ ಕಾಯಿಲೆಯಿಂದ ಬಾಯಿಗೆ ಬಂದಂತೆ ಬೈಯ್ಯತೊಡಗಿದರು. "ಒಳಗಿದ್ದದ್ದು ಹೊರಗೆ ಬಂತು ನೋಡಿ" ಅಂತ ಸಭೆಯಲ್ಲೇ ಪಿಸುಗುಟ್ಟಿದವರಿದ್ದಾರೆ. ನನಗೆ ಮೈ ಉರಿಯಿತು. ಮೆದುಳಿನ ಮುಂಭಾಗ ಸವೆದರೆ ಮಾತಿನ ಮೇಲಿನ ಹಿಡಿತವೇ ಹೋಗುತ್ತೆ. ಗೋಡೆ ಒಡೆದು ಬಿದ್ದ ಸ್ಟ್ರಾಂಗ್ ರೂಮಿನಲ್ಲಿ ಯಾರಾದರೂ ಕ್ಯಾಷ್ ಟ್ಯಾಲಿ ಮಾಡ್ತಾರಾ? ಅವರ ಲೆಕ್ಕ ಹಿಂದಿನ ಎಪ್ಪತ್ತು ವರ್ಷದ ಪುಸ್ತಕದಲ್ಲಿದೆ.

ಇದನ್ನು ಒಪ್ಪಿದರೆ ನನ್ನ ಅವ್ವನ ವಿಷಯಕ್ಕೂ ಒಪ್ಪಬೇಕಾಗುತ್ತೆ, ಅದೇ ಕಷ್ಟ. ಧಾರವಾಡದಲ್ಲಿ ಸಾಲಿ ಟೀಚರ್ ಆಗಿದ್ದ ಅವ್ವ ಕೊನೆಯ ಮೂರು ವರ್ಷ ಠಾಣೆಯಲ್ಲಿ ನಮ್ಮ ಜೊತೆ ಇದ್ದಳು. ನೆನಪು ಪೂರ್ತಿ ಹೋಗಿತ್ತು. ನನ್ನನ್ನು "ಸರ್" ಅಂತಿದ್ದಳು. ಕೀರ್ತನೆಗಳೂ ಹೋದವು, ಕರ್ತನ ಪ್ರಾರ್ಥನೆ ಅರ್ಧಕ್ಕೇ ನಿಲ್ಲುತ್ತಿತ್ತು. ಆದರೆ ಕೆಲಸದ ಬಾಯಿ ನೆಲ ಒರೆಸಲು ಬಂದರೆ ಸಾಕು, ಕಾಲು ಮೇಲೆ ಎತ್ತಿಕೊಂಡು, "ನೆಲಾ ಥಂಡಿ ಐತಿ, ಚಪ್ಪಲಿ ಹಾಕ್ಕೊಳವಾ. ಚಾ ಕುಡದಿಯೇನು?" ಅನ್ನೋಳು. ದಿನಾ. ಆಕೆ ಮರಾಠಿಯವಳು, ಮೊದಮೊದಲು ಬೈಗುಳ ಅಂದುಕೊಂಡಿದ್ದಳಂತೆ. ನನ್ನ ಹೆಂಡತಿ ಅರ್ಥ ಹೇಳಿದ ಮೇಲೆ ನಿಜವಾಗಿಯೂ ಚಪ್ಪಲಿ ತಂದಳು.

ಅದು ಬೊಕ್ಕಸದಿಂದ ಬಂದದ್ದೋ, ನಲವತ್ತು ವರ್ಷ ಮಕ್ಕಳಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿದ ರೂಢಿಯೋ? ಡಾಕ್ಟರು ಎರಡನೆಯದು ಅಂದರು. ಇರಬಹುದು. ನನಗೆ ಮಾತ್ರ ಅವೆರಡರ ನಡುವೆ ಗೆರೆ ಎಲ್ಲಿ ಎಳೆಯೋದು ಅಂತ ಇವತ್ತಿಗೂ ಹೊಳೆದಿಲ್ಲ.

ಅವ್ವ ಹೋಗಿದ್ದು 2019ರಲ್ಲಿ. ಆ ಬಾಯಿ ಈಗಲೂ ನಮ್ಮಲ್ಲೇ ಕೆಲಸಕ್ಕಿದ್ದಾಳೆ. ಒರೆಸುವಾಗ ಚಪ್ಪಲಿ ಹಾಕಿಕೊಂಡಿರುತ್ತಾಳೆ. ನಾನು ಬರಿಗಾಲಲ್ಲಿ ಓಡಾಡಿದರೆ "ಥಂಡಿ ಐತಿ" ಅಂತ ಗದರುತ್ತಾಳೆ.